ದೀರ್ಘಕಾಲದ ಕಾಯಿಲೆಗೆ ದೈನಂದಿನ ಆಸರೆ: ಮುಂಬಯಿ ಕನ್ನಡಿಗರಿಗೊಂದು ಕೈಪಿಡಿ

ಸಂಧಿವಾತ, ಪಾರ್ಶ್ವವಾಯು, ಮಧುಮೇಹ, ಪಾರ್ಕಿನ್ಸನ್ ಮೊದಲಾದವು ಒಂದೆರಡು ವಾರಗಳ ಚಿಕಿತ್ಸೆಯಿಂದ ಮುಗಿಯುವ ಕಾಯಿಲೆಗಳಲ್ಲ. ಔಷಧವು ಇವುಗಳನ್ನು ಹತೋಟಿಯಲ್ಲಿಡಬಹುದು. ಆದರೆ ಸ್ನಾನ, ಶೌಚ, ಊಟ, ನಡಿಗೆಗಳಲ್ಲಿ ರೋಗಿಯ ಸ್ವಾವಲಂಬನೆ ಉಳಿಯುವುದು ಅನೇಕ ವೇಳೆ ಒಂದು ಊರುಗೋಲಿನಿಂದ, ಗೋಡೆಗೆ ಬಿಗಿದ ಒಂದು ಹಿಡಿಕೆಯಿಂದ. ಮಕ್ಕಳೊಡನೆ ನೆಲೆಸಲು ಊರು ಬಿಟ್ಟು ಈ ಮಹಾನಗರಕ್ಕೆ ಬಂದ ಹಿರಿಯರಿಗೆ ಇಂಥ ನೆರವು ಎಲ್ಲಿ ದೊರೆಯುವುದೆಂಬ ಅರಿವು ಅತ್ಯಗತ್ಯವೆಂದು ಭಾವಿಸಿ ಕೆಲವು ಉಪಯುಕ್ತ ಮಾಹಿತಿಗಳನ್ನು ಇಲ್ಲಿ ನೀಡುತ್ತಿದ್ದೇವೆ.

ಮೊದಲು ಅಳತೆ, ಅನಂತರ ಖರೀದಿ

ಯಾವ ವಸ್ತು ಬೇಕೆಂದು ಯೋಚಿಸುವ ಮೊದಲು ಯಾವ ಕೆಲಸ ಕಷ್ಟವಾಗುತ್ತಿದೆಯೆಂದು ಗಮನಿಸಬೇಕು. ಊರುಗೋಲಿನ ಹಿಡಿ, ಪಾದರಕ್ಷೆ ಧರಿಸಿ ನೇರವಾಗಿ ನಿಂತಾಗ ಮಣಿಕಟ್ಟಿನ ಮಟ್ಟಕ್ಕಿರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಅದನ್ನು ಹಿಡಿಯಬೇಕು. ತುದಿಯ ರಬ್ಬರು ಸವೆದೊಡನೆ ಬದಲಿಸಬೇಕು. ಗಾಲಿಕುರ್ಚಿ ಕೊಳ್ಳುವ ಮುನ್ನ ಬಚ್ಚಲಿನ ಬಾಗಿಲು ಹಾಗೂ ಕಟ್ಟಡದ ಲಿಫ್ಟ್‌ನ ಅಗಲವನ್ನು ಅಳೆಯುವುದು ಒಳಿತು. ಮುಂಬಯಿಯ ಇಕ್ಕಟ್ಟಾದ ಮನೆಗಳಲ್ಲಿ ಕುರ್ಚಿ ಬಾಗಿಲಲ್ಲೇ ನಿಂತುಬಿಡಬಹುದು. ಟವೆಲು ಹಾಕುವ ಸರಳು ದೇಹದ ಭಾರವನ್ನು ತಾಳದು. ಬಚ್ಚಲಿನ ಹಿಡಿಕೆಯನ್ನು ಗೋಡೆಗೆ ತಿರುಪಿನಿಂದಲೇ ಬಿಗಿಸಬೇಕು. ಕೈಬೆರಳು ಮಡಚಲಾಗದವರಿಗೆ ಚಮಚದ ಹಿಡಿಗೆ ಸ್ಪಂಜು ಸುತ್ತಿ ದಪ್ಪಗೊಳಿಸಿದರೂ ಸಾಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಎಂ.ಸಿ.ಆರ್. ರಬ್ಬರಿನ ಮೆತ್ತನೆಯ ಪಾದರಕ್ಷೆ ಹಿತಕರ.

ಈ ಆಯ್ಕೆಯಲ್ಲಿ ಮಾರ್ಗದರ್ಶನ ನೀಡುವವರು ಆಕ್ಯುಪೇಷನಲ್ ಥೆರಪಿ ತಜ್ಞರು. ದೇಶದಲ್ಲಿ ಈ ವಿದ್ಯೆಯ ಮೊದಲ ಶಾಲೆ 1950ರಲ್ಲಿ ಆರಂಭವಾದದ್ದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಭೌತಿಕ ವೈದ್ಯ ಮತ್ತು ಪುನರ್ವಸತಿ ಸಂಸ್ಥೆಯು ಕೃತಕ ಕೈಕಾಲು, ಊರೆಪಟ್ಟಿಗಳ ಕ್ಷೇತ್ರದಲ್ಲಿ 1955ರಿಂದ ಸೇವೆ ಸಲ್ಲಿಸುತ್ತಿದೆ.

'ಸಾಹಿತ್ಯ'ವೆಂದರೆ ಸಲಕರಣೆ

ಮುಂಬಯಿ, ಪುಣೆಗಳ ಅನೇಕ ಸೇವಾಸಂಸ್ಥೆಗಳು ವಾಕರ್, ಗಾಲಿಕುರ್ಚಿ, ಕಮೋಡ್ ಕುರ್ಚಿ, ಆಸ್ಪತ್ರೆಯ ಮಂಚ ಮುಂತಾದವನ್ನು ಠೇವಣಿ ಪಡೆದು, ಅಲ್ಪ ಬಾಡಿಗೆಗೆ ಇಲ್ಲವೆ ಉಚಿತವಾಗಿ, ಎರವಲು ನೀಡುತ್ತವೆ. ಇಂಥ ಕಡೆ 'ರುಗ್ಣೋಪಯೋಗಿ ಸಾಹಿತ್ಯ' ಎಂಬ ಮರಾಠಿ ಫಲಕ ಕಾಣಸಿಗುತ್ತದೆ. ಮರಾಠಿಯಲ್ಲಿ 'ಸಾಹಿತ್ಯ'ಕ್ಕೆ ಸಾಮಗ್ರಿಯೆಂಬ ಅರ್ಥವೂ ಉಂಟು. ಪುಸ್ತಕ ಭಂಡಾರವೆಂದು ಬಗೆದು ಕನ್ನಡಿಗರು ಮುಂದೆ ಸಾಗಬಾರದು. ಶಸ್ತ್ರಚಿಕಿತ್ಸೆಯ ಅನಂತರ ಕೆಲವೇ ವಾರ ಬೇಕಾಗುವ ಸಲಕರಣೆಯನ್ನು ಹಣ ತೆತ್ತು ಕೊಳ್ಳುವ ಅಗತ್ಯವಿಲ್ಲ. ದೀರ್ಘಕಾಲ ಬೇಕಾಗುವುದನ್ನೂ ಮೊದಲು ಎರವಲು ತಂದು ಬಳಸಿ ನೋಡುವುದು ಜಾಣತನ.

ಸರಕಾರದ ನೆರವು

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸೀಮಿಯಾಗಳೂ ಇದರಲ್ಲಿ ಸೇರಿರುವುದು ಹಲವರಿಗೆ ತಿಳಿಯದು. ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವುಳ್ಳವರಿಗೆ 'ಅಡಿಪ್' ಯೋಜನೆಯಲ್ಲಿ ಆದಾಯಕ್ಕನುಗುಣವಾಗಿ ಪೂರ್ಣ ಅಥವಾ ಅರ್ಧ ವೆಚ್ಚದ ಸಾಧನಗಳು ದೊರೆಯುತ್ತವೆ. ಪ್ರಮಾಣಪತ್ರವಿಲ್ಲದಿದ್ದರೂ, 60 ದಾಟಿದ ಕಡಿಮೆ ಆದಾಯದ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯುಂಟು. ಇದರ ಶಿಬಿರಗಳಲ್ಲಿ ಊರುಗೋಲು, ಶ್ರವಣಯಂತ್ರ, ಕನ್ನಡಕ, ದಂತಪಂಕ್ತಿ ಮೊದಲಾದವನ್ನು ಉಚಿತವಾಗಿ ವಿತರಿಸಲಾಗುತ್ತದೆ.

ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ತಪಾಸಣೆಯ ಸ್ಥಳ ನಿರ್ಧಾರವಾಗುವುದರಲ್ಲಿ ವಿಳಾಸದ ದಾಖಲೆ ಮುಖ್ಯ. ಹಿರಿಯರ ಆಧಾರ್ ಕಾರ್ಡಿನಲ್ಲಿ ಇನ್ನೂ ಊರಿನ ವಿಳಾಸವೇ ಇದ್ದಲ್ಲಿ ಇದನ್ನು ಮೊದಲೇ ಪರಿಶೀಲಿಸಿಕೊಳ್ಳುವುದು ಲೇಸು. ಹಿರಿಯ ನಾಗರಿಕರ ಉಚಿತ ಸಹಾಯವಾಣಿಯ ಸಂಖ್ಯೆ 14567.

ಶ್ರವಣ, ಮಾತು ಮತ್ತು ಬಳಗ

ಶ್ರವಣದೋಷದ ತಪಾಸಣೆಗೆ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಗೊಂಡ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ವಿಷಯದಲ್ಲಿ ಒಂದು ಸೂಚನೆ: ಮನೆಯಲ್ಲಿ ಆಡುತ್ತಿದ್ದ ಭಾಷೆ ಕನ್ನಡವೆಂದು ವಾಕ್ ಚಿಕಿತ್ಸಕರಿಗೆ ಮೊದಲೇ ತಿಳಿಸಬೇಕು. ಹಿಂದಿಯ ಅಭ್ಯಾಸವೊಂದರಿಂದಲೇ ಕನ್ನಡದ ಮಾತು ಮರಳೀತೆಂದು ನಂಬಿ ಕೂರುವಂತಿಲ್ಲ. ಕನ್ನಡದಲ್ಲೇ ಚಿಕಿತ್ಸೆ ಬಯಸುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ವಿಚಾರಿಸಬಹುದು.

ಒಂದೇ ಕಾಯಿಲೆಯವರು ಕಲೆತು ಅನುಭವ ಹಂಚಿಕೊಳ್ಳುವುದರಿಂದ ಆರೈಕೆ ಮಾಡುವವರ ಹೊರೆಯೂ ಹಗುರಾಗುತ್ತದೆ. ಮುಂಬಯಿಯಲ್ಲೇ ಹುಟ್ಟಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ (1985) ಹಾಗೂ ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ (2001) ಇಂಥ ಬಳಗಗಳನ್ನು ನಡೆಸುತ್ತಿವೆ.

ಊರುಗೋಲು ಹಿಡಿದರೆ ನಾಲ್ಕು ಜನ ಏನೆಂದಾರೋ ಎಂಬ ಸಂಕೋಚ ನಮ್ಮ ಹಿರಿಯರಲ್ಲಿ ಬಹಳ. ಆ ಸಂಕೋಚದಿಂದ ಬಚ್ಚಲಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾದೀತು. ಬೀಳುವ ಮೊದಲೇ ಆಸರೆ ಒದಗಿಸುವುದು ಮನೆಮಂದಿಯ ಕರ್ತವ್ಯ. ಈ ಮಾಹಿತಿಯನ್ನು ಅಗತ್ಯವಿರುವ ಬಂಧುಮಿತ್ರರಿಗೆ ತಲುಪಿಸಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ.