ಗಂಜಿ ಕೇಂದ್ರಕ್ಕೆ ಬಾರದವರು



ದೊಡ್ಡೇರಿ ಎಂಬ ಹೆಸರಿನಲ್ಲೇ ‘ಏರಿ’ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಬದುಕು ಹಿಂದಿನಿಂದಲೂ ಕೆರೆ ಏರಿಯ ಹಿಂದೆ ನಿಂತ ನೀರನ್ನು ನಂಬಿಕೊಂಡು ಬಂದದ್ದು. ಕೆರೆ ತುಂಬಿದರೆ ಗದ್ದೆಯಲ್ಲಿ ಭತ್ತ, ಮಳೆ ಹದವಾಗಿ ಬಂದರೆ ಹೊಲದಲ್ಲಿ ರಾಗಿ. ಎರಡೂ ಕೈಕೊಟ್ಟರೆ ಗುಳೆ.

1876ರಲ್ಲಿ ಎರಡೂ ಕೈಕೊಟ್ಟವು. ಹಿಂದಿನ ವರ್ಷದ ಮಳೆಯೂ ಸಾಲದಾಗಿತ್ತು. ಧಾತು ಸಂವತ್ಸರದಲ್ಲಿ ಆರಂಭವಾಗಿ ಈಶ್ವರ ಸಂವತ್ಸರದಲ್ಲೂ ಮುಂದುವರಿದ ಈ ಕ್ಷಾಮವನ್ನು ನಮ್ಮ ಕಡೆಯ ಹಿರಿಯರು ಧಾತು-ಈಶ್ವರ ಬರವೆಂದೇ ಕರೆಯುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿಯಿತು. ತುಮಕೂರು ಜಿಲ್ಲೆಯ ಲೆಕ್ಕ ಇನ್ನೂ ಘೋರ. 6 ಲಕ್ಷ 30 ಸಾವಿರದ ಆಸುಪಾಸಿನಲ್ಲಿದ್ದ ಜನ 4 ಲಕ್ಷ 13 ಸಾವಿರಕ್ಕೆ ಇಳಿದರು. ಮೂವರಲ್ಲಿ ಒಬ್ಬರು ಲೆಕ್ಕದಿಂದಲೇ ಕಾಣೆಯಾದರು ಎಂದರ್ಥ.

ಆಗ ರೈಲು ಬೆಂಗಳೂರಿನವರೆಗೆ ಮಾತ್ರ ಇತ್ತು. ಮದ್ರಾಸಿನಿಂದ ಬಂದ ಧಾನ್ಯ ಅಲ್ಲಿಂದಾಚೆಗೆ ಎತ್ತಿನ ಗಾಡಿಯಲ್ಲೇ ಬರಬೇಕು. ಮೇವಿಲ್ಲದೆ ಎತ್ತುಗಳೇ ಸಾಯುತ್ತಿರುವಾಗ ಗಾಡಿ ಎಳೆಯುವವರಾರು? ದುಡ್ಡಿದ್ದವನಿಗೂ ಕಾಳು ಸಿಗದಂತಾಯಿತು. ಇಷ್ಟರ ನಡುವೆ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ತಾನದ ಸಾಮ್ರಾಜ್ಞಿ ಎಂದು ಸಾರುವ ದರ್ಬಾರು ದೆಹಲಿಯಲ್ಲಿ ವೈಭವದಿಂದ ನಡೆಯಿತು ಎಂಬುದನ್ನೂ ನೀವು ಗಮನಿಸಬೇಕು.

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ, ನಿಜ. ರಸ್ತೆ, ಕೆರೆ ಕೆಲಸಗಳನ್ನು ತೆರೆಯಿತು, ಗಂಜಿ ಕೇಂದ್ರಗಳನ್ನು ನಡೆಸಿತು. ಬೆಂಗಳೂರು–ಮೈಸೂರು ರೈಲು ದಾರಿ ಆರಂಭವಾದದ್ದೂ ಬರ ಪರಿಹಾರದ ಕೆಲಸವಾಗಿಯೇ. ಆದರೆ ಕೊಡುವ ಕೈ ಬಿಗಿಯಾಗಿತ್ತು. ಪಕ್ಕದ ಮದ್ರಾಸ್ ಪ್ರಾಂತದಲ್ಲಿ ದಿನವಿಡೀ ಮಣ್ಣು ಹೊತ್ತವನಿಗೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗಿಂತಲೂ ಕಡಿಮೆ ಧಾನ್ಯದ ಬೆಲೆ ಮತ್ತು ಒಂದಾಣೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದರು. ಇಷ್ಟರಲ್ಲಿ ದುಡಿಯುವವನು ಬದುಕುವುದಿಲ್ಲ ಎಂದು ಅಲ್ಲಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಖಂಡಿಸಿದರು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 1877ರ ಆಗಸ್ಟ್‌ನಲ್ಲಿ ಮದ್ರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿ ಲಂಡನ್ನಿಗೆ ಮೊರೆಯಿಟ್ಟಿತು. ಅಲ್ಲಿನ ಲಾರ್ಡ್ ಮೇಯರ್ ತೆರೆದ ಮ್ಯಾನ್ಷನ್ ಹೌಸ್ ನಿಧಿಗೆ ಐದು ಲಕ್ಷ ಪೌಂಡಿಗೂ ಮಿಕ್ಕಿ ಹಣ ಹರಿದುಬಂತು. ಮೈಸೂರು ಸೀಮೆಗೂ ಅದರ ಪಾಲು ದೊರೆಯಿತು. ಸರ್ಕಾರದ ಗಂಜಿ ಇರುವಾಗ ಈ ಹಣ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಗಂಜಿ ಕೇಂದ್ರಕ್ಕೆ ಬಾರದವರಿಗೆ ಎಂಬುದೇ ಉತ್ತರವಾಯಿತು. ಘೋಷಾ ಪಾಲಿಸುವ ಹೆಣ್ಣುಮಕ್ಕಳು, ಕೈಚಾಚಲು ನಾಚಿ ಬಾಗಿಲು ಹಾಕಿಕೊಂಡ ಮರ್ಯಾದಸ್ಥ ಬಡವರು, ತಬ್ಬಲಿ ಮಕ್ಕಳು. ಮಳೆ ಬಂದಾಗ ಬಿತ್ತನೆ ಬೀಜ, ಎತ್ತು, ಕುಸಿದ ಮನೆಯ ದುರಸ್ತಿಗೆಂದೂ ಇದೇ ನಿಧಿಯಿಂದ ಹಣ ಕೊಟ್ಟರು. ಗಂಜಿ ಕುಡಿದು ಉಳಿದ ರೈತನಿಗೆ ಬೀಜವಿಲ್ಲದಿದ್ದರೆ ಮರುವರ್ಷವೂ ಅವನು ಗಂಜಿಗೇ ನಿಲ್ಲಬೇಕು. ಆ ಸಮಿತಿಗಳು ಮಾಡಿದ ಕೆಲಸಗಳಲ್ಲೆಲ್ಲ ಇದೇ ಹೆಚ್ಚಿನದೆಂದು ನನಗೆ ತೋರುತ್ತದೆ. 1880ರ ಕ್ಷಾಮ ಆಯೋಗದ ನಂತರ ಬಂದ ಕ್ಷಾಮ ಸಂಹಿತೆಗಳಲ್ಲಿ ಪರದೆಯ ಸ್ತ್ರೀಯರಿಗೆ ಮನೆಯಲ್ಲೇ ಸಹಾಯ, ನೇಕಾರರಿಗೆ ಅವರ ಕಸುಬಿನಲ್ಲೇ ಕೆಲಸ ಎಂಬ ನಿಯಮಗಳು ಸೇರಿದವು.

ಇದು ನಮಗೆ ಹೊಸ ಪಾಠವೇನೂ ಅಲ್ಲ. ಹಿಜರಿ 18ರಲ್ಲಿ ಅರೇಬಿಯಾಕ್ಕೆ ‘ಬೂದಿಯ ವರ್ಷ’ ಎಂಬ ಕ್ಷಾಮ ಬಂದಾಗ ಹಜ್ರತ್ ಉಮರ್ (ರ) ಪ್ರಾಂತಗಳಿಂದ ಧಾನ್ಯ ತರಿಸಿದರು, ಜನರಿಗೆ ಸಿಗುವವರೆಗೂ ತಾವು ತುಪ್ಪ ಮುಟ್ಟಲಿಲ್ಲ ಎಂಬುದನ್ನು ಮದ್ರಸಾದ ಮಕ್ಕಳೂ ಬಲ್ಲರು. ನಮ್ಮ ಜಿಲ್ಲೆಯಲ್ಲೇ ಸಿದ್ಧಗಂಗಾ ಮಠದ ದಾಸೋಹವಿದೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಬಡ ಹುಡುಗ ಊಟಕ್ಕೆ ಬಂದವನಾಗಿ ಅಲ್ಲ, ವಿದ್ಯಾರ್ಥಿಯಾಗಿ ಪಂಕ್ತಿಯಲ್ಲಿ ಕೂರುತ್ತಾನೆ.

ಇಂದು ಪಡಿತರವಿದೆ, ಶಾಲೆಯಲ್ಲಿ ಬಿಸಿಯೂಟವಿದೆ. 1877ರ ಹಸಿವು ಈಗಿಲ್ಲ. ಆದರೆ ಕಾರ್ಡಿನಲ್ಲಿ ಹೆಸರು ಸೇರದ ಸೊಸೆ, ಬೆರಳಚ್ಚು ಹೊಂದದ ಮುದುಕಿ, ಬೆಂಗಳೂರಿಗೆ ಗುಳೆ ಹೋಗಿ ಬಂದವನ ಮನೆ, ಇವು ನಿಮ್ಮ ಮೊಹಲ್ಲಾದಲ್ಲೂ ಸಿಗುತ್ತವೆ. ಇಂಥವರು ವೇದಿಕೆ ಹಾಕಿ, ಮೈಕಿನಲ್ಲಿ ಹೆಸರು ಕೂಗಿ, ಫೋಟೋ ತೆಗೆದು ಕೊಡುವ ಕಿಟ್ಟಿಗೆ ಬರುತ್ತಾರೆಯೇ? ಸಂಘಗಳ ಪದಾಧಿಕಾರಿಗಳು ಬೇಸರಿಸಿಕೊಳ್ಳಬಾರದು, ಕೇಳಲೇಬೇಕಾದ ಮಾತಿದು.

ಇನ್ನೊಂದು ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ನಮ್ಮ ಸೀಮೆಯಲ್ಲಿ ಮುಂಗಾರಿಗೆ ಕಡಲೆಕಾಯಿ, ರಾಗಿ ಬಿತ್ತಿದರೆ ಫಸಲು ಕೈಗೆ ಬರುವುದು ದೀಪಾವಳಿಯ ಆಸುಪಾಸಿಗೆ, ಕೆಲವೊಮ್ಮೆ ಅದರಾಚೆಗೆ. ಅಲ್ಲಿಯವರೆಗಿನ ನಾಲ್ಕು ತಿಂಗಳು ಕೂಲಿಯವರ ಮನೆಯ ಮಡಕೆ ಬರಿದು. 2015ರಲ್ಲಿ ರಂಜಾನ್ ಜೂನ್–ಜುಲೈನಲ್ಲಿ ಬಂದಿತ್ತು, ಕಿಟ್ ಸರಿಯಾದ ಹೊತ್ತಿಗೆ ತಲುಪಿತು. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2026ರಲ್ಲಿ ಅದು ಬಂದದ್ದು ಫೆಬ್ರವರಿಯಲ್ಲಿ, ಸುಗ್ಗಿ ಮುಗಿದ ಮೇಲೆ. ಫಿತ್ರ್ ದಾನಕ್ಕೆ ಈದ್ ನಮಾಜಿನ ಮೊದಲೇ ಸಲ್ಲಬೇಕೆಂಬ ಕಾಲ ನಿಗದಿಯಿದೆ. ಸದಖಾಕ್ಕೆ ಅಂಥ ನಿಗದಿಯಿಲ್ಲ. ಅದರಲ್ಲೊಂದು ಪಾಲನ್ನು ಜುಲೈಗೆಂದು ಬೇರೆಯಿಟ್ಟು, ಬಿತ್ತನೆ ಬೀಜವನ್ನೂ ಸೇರಿಸಿ, ಕತ್ತಲಾದ ಮೇಲೆ ಮನೆಗೇ ಮುಟ್ಟಿಸುವ ಬಗ್ಗೆ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಯಾಗಲಿ ಎಂದು ಕೋರುತ್ತೇನೆ.