ಬಣ್ಣ ಬಳಿಯದೆ ಉಳಿಸಿದ ರಂಗಮಂದಿರ

ಹಳೇ ಕಟ್ಟಡ ರಿಪೇರಿ ಅಂದ್ರೆ ನನಗೆ ಒಂಥರಾ ದಿಗಿಲು. ಗಾರೆ ಕೆರೆದು, ಹೊಸ ಬಣ್ಣ ಬಳಿದು, 'ಮೊದಲು ಹೇಗಿತ್ತೋ ಹಾಗೇ ಮಾಡಿದ್ದೀವಿ' ಅಂತಾರೆ. ಮೊದಲು ಅಂದ್ರೆ ಯಾವಾಗ? ಲಂಡನ್ನಿನ ವಿಲ್ಟನ್ಸ್ ಮ್ಯೂಸಿಕ್ ಹಾಲ್ ಕಥೆ ಓದಿದ ಮೇಲಂತೂ ಈ ಪ್ರಶ್ನೆ ತಲೆ ತಿನ್ನುತ್ತಿದೆ.

ವಿಕ್ಟೋರಿಯಾ ರಾಣಿ ಕಾಲದ ಮ್ಯೂಸಿಕ್ ಹಾಲ್ ಅಂದ್ರೆ ಗಂಭೀರ ನಾಟಕದ ಜಾಗ ಅಲ್ಲ; ಜನ ಕುಡೀತಾ, ತಿನ್ತಾ, ಹಾಡಿಗೆ ದನಿಗೂಡಿಸ್ತಾ ಮಜಾ ಮಾಡೋ ಜಾಗ. ಜಾನ್ ವಿಲ್ಟನ್ ಅನ್ನೋನು 1859ರಲ್ಲಿ ಪೂರ್ವ ಲಂಡನ್ನಿನ ಗಲ್ಲಿಯೊಂದರಲ್ಲಿ, ತನ್ನ ಪಬ್ಬಿನ ಹಿಂದೆ ಇದನ್ನು ತೆರೆದ. 1877ರಲ್ಲಿ ಬೆಂಕಿ ಬಿತ್ತು. ಮತ್ತೆ ಕಟ್ಟಿದರೂ ಹೆಚ್ಚು ದಿನ ನಡೆಯಲಿಲ್ಲ.

ಆಮೇಲಿನ ಕಥೆ ಇನ್ನೂ ಸ್ವಾರಸ್ಯ. 1888ರಲ್ಲಿ ಇಲ್ಲಿಗೆ ಬಂದವರು ಮೆಥಡಿಸ್ಟ್ ಪಂಥದ ಕ್ರೈಸ್ತರು. ಕುಡಿತ ಅಂದ್ರೆ ಅವರಿಗೆ ಆಗದು. ಆದರೂ ಜನರ ಬಾಯಲ್ಲಿ ಅವರ ಸಂಸ್ಥೆಗೆ ಹಳೇ ಪಬ್ಬಿನ ಹೆಸರೇ ಉಳಿಯಿತು: 'ಮಹಾಗನಿ ಬಾರ್ ಮಿಷನ್'! 1889ರಲ್ಲಿ ಬಂದರು ಕೂಲಿಗಳು ಮುಷ್ಕರ ಹೂಡಿದಾಗ ಇದೇ ಹಾಲಿನಲ್ಲಿ ಅವರಿಗೆ ಊಟ ಹಾಕಿದರು. 1956ರಲ್ಲಿ ಮಿಷನ್ ಹೊರಟ ಮೇಲೆ ಇದು ಹಳೇ ಬಟ್ಟೆಯ ಗೋದಾಮು. 1960ರ ದಶಕದಲ್ಲಿ ಸುತ್ತಲಿನ ಮನೆಗಳ ಜೊತೆ ಇದನ್ನೂ ಕೆಡವಲು ಹೊರಟಾಗ ಕವಿ ಜಾನ್ ಬೆಟ್ಜಮನ್ ಮೊದಲಾದವರು ಅಡ್ಡ ನಿಂತು ಉಳಿಸಿದರು. 1971ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. 1997ರಲ್ಲಿ ಮತ್ತೆ ಪ್ರದರ್ಶನ ಶುರುವಾಯಿತು.

ರಿಪೇರಿ ಮುಗಿದದ್ದು 2015ರಲ್ಲಿ. ವಾಸ್ತುಶಿಲ್ಪಿ ಟಿಮ್ ರೊನಾಲ್ಡ್ಸ್ ತಂಡ ಕಟ್ಟಡವನ್ನು ಭದ್ರ ಮಾಡಿ, ಇಂದಿನ ಪ್ರೇಕ್ಷಕರಿಗೆ ಬೇಕಾದ ಅನುಕೂಲ ಒದಗಿಸಿತು. ಆದರೆ ಸಿಪ್ಪೆ ಏಳುತ್ತಿದ್ದ ಬಣ್ಣ, ಸವೆದ ಗೋಡೆಗಳಿಗೆ ಹೊಸ ಮುಖ ಕೊಡಲಿಲ್ಲ. ಬಾಲ್ಕನಿ ಹೊತ್ತ ತಿರುಚಿದ ಕಬ್ಬಿಣದ ಕಂಬಗಳೂ ಅಲ್ಲೇ ಇವೆ.

ಇದೇ ಸರಿ ಅಂತ ನನಗನ್ನಿಸುತ್ತೆ. 1859ರ ಹಾಗೇ ಥಳಥಳ ಮಾಡಿದ್ದರೆ ವಿಲ್ಟನ್ ಒಬ್ಬನ ನೆನಪು ಉಳೀತಿತ್ತು. ಹಸಿದು ಬಂದ ಕೂಲಿಗಳು, ಪ್ರಾರ್ಥನೆಗೆ ಕೂತವರು ಎಲ್ಲರೂ ಹೊಸ ಬಣ್ಣದಡಿ ಹೂತುಹೋಗ್ತಿದ್ದರು. ರಂಗಮಂದಿರವಾಗಿ ಅದು ನಡೆದದ್ದು ಮೂವತ್ತು ವರ್ಷಕ್ಕಿಂತ ಕಮ್ಮಿ, ಮಿಷನ್ ಆಗಿ ಅರವತ್ತೆಂಟು ವರ್ಷ!

ಹಾಗಂತ ಎಲ್ಲ ಕಟ್ಟಡಕ್ಕೂ ಇದೇ ಮದ್ದು ಅಂತಿಲ್ಲ. ಸೋರೋ ಸೂರನ್ನ ಇತಿಹಾಸ ಅಂತ ಬಿಟ್ಟರೆ ಇತಿಹಾಸವೇ ಕುಸಿದುಬೀಳುತ್ತೆ. ಸೂರು ಹೊಸದಾಗಲಿ, ಗೋಡೆ ತನ್ನ ವಯಸ್ಸು ತೋರಿಸಲಿ, ಅಷ್ಟೇ ನನ್ನ ವಾದ. ನೀವೇನಂತೀರಿ?