ಕ್ರಿಯಾಟಿನಿನ್ ನಾರ್ಮಲ್ ಇದ್ದರೆ ಕಿಡ್ನಿ ಸರಿ ಇದೆ ಎಂದರ್ಥವೇ?

‘ಕ್ರಿಯಾಟಿನಿನ್ ನಾರ್ಮಲ್ ಇದ್ದರೆ ಕಿಡ್ನಿಗೆ ಏನೂ ಆಗಿಲ್ಲ. ಹೆಚ್ಚಿದ್ದರೆ ದಿನಕ್ಕೆ ಐದು ಲೀಟರ್ ನೀರು, ಜೊತೆಗೆ ಎಳನೀರು ಕುಡಿಯಿರಿ, ಇಳಿಯುತ್ತದೆ.’ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಇದನ್ನು ನಂಬಿದರೆ ಅಪಾಯವಿದೆ.

ಇವು ಎಲ್ಲಿಂದ ಬರುತ್ತವೆ?
ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನ್‌ನಲ್ಲಿ ಸಾರಜನಕ ಇರುತ್ತದೆ. ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದು ಮಿದುಳಿಗೆ ವಿಷ. ಹಾಗಾಗಿ ಲಿವರ್ ಅದನ್ನು ಯೂರಿಯಾ ಆಗಿ ಬದಲಿಸುತ್ತದೆ. ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. ಎರಡನ್ನೂ ಮೂತ್ರದಲ್ಲಿ ಹೊರಹಾಕುವುದು ಕಿಡ್ನಿಯ ಕೆಲಸ.

ಯೂರಿಯಾ ಹೆಚ್ಚಿದರೆ ಕಿಡ್ನಿ ಹಾಳಾಗಿದೆಯೇ?
ಪ್ರತಿ ಸಲವೂ ಅಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳವಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅಂಥ ಸೆಕೆಯಲ್ಲಿ ಬೆವರು ಹರಿದು ಮೈಯ ನೀರು ಕಡಿಮೆಯಾದಾಗ ಕಿಡ್ನಿ ನೀರನ್ನು ಉಳಿಸಿಕೊಳ್ಳುತ್ತದೆ. ಅದರ ಜೊತೆ ಯೂರಿಯಾವೂ ರಕ್ತಕ್ಕೆ ಮರಳುತ್ತದೆ. 2001ರಲ್ಲಿ ಗಣಿ ಮುಚ್ಚಿತು. ಆದರೆ ಇಂದು ಬಂಗಾರಪೇಟೆಯ ಬಿಸಿಲಲ್ಲಿ ಹೊಲ, ಕಟ್ಟಡದ ಕೆಲಸ ಮಾಡುವವರ ಮೈಯಲ್ಲೂ ನಡೆಯುವುದು ಇದೇ. ಇವರಿಗೆ ಸಾಕಷ್ಟು ನೀರು ಬೇಕೇ ಬೇಕು.

ಒಂದೇ ಅಂಕಿ, ಎರಡು ಅರ್ಥ
25 ವರ್ಷದ ಯುವಕ, 70 ವರ್ಷದ ಅಜ್ಜಿ. ಇಬ್ಬರ ಕ್ರಿಯಾಟಿನಿನ್ ಕೂಡ 1.1 ಎಂದುಕೊಳ್ಳಿ. ಲ್ಯಾಬ್ ರಿಪೋರ್ಟ್‌ನಲ್ಲಿ ಇಬ್ಬರದೂ ‘ನಾರ್ಮಲ್’. ಆದರೆ ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕುವ ಇ-ಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) ಯುವಕನಿಗೆ ಸುಮಾರು 95, ಅಜ್ಜಿಗೆ ಸುಮಾರು 54. ಇದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ವಯಸ್ಸಾದಂತೆ ಸ್ನಾಯು ಕರಗಿ ಕ್ರಿಯಾಟಿನಿನ್ ಉತ್ಪತ್ತಿಯೇ ಕಡಿಮೆಯಾಗುವುದರಿಂದ ತೊಂದರೆ ಮರೆಯಾಗಿ ಉಳಿಯುತ್ತದೆ.

ಇನ್ನೂ ಮೊದಲೇ ಸುಳಿವು ಕೊಡುವುದು ಮೂತ್ರದ ಅಲ್ಬುಮಿನ್ ಪರೀಕ್ಷೆ. ಕ್ರಿಯಾಟಿನಿನ್ ಏರುವ ಮುನ್ನವೇ ಮೂತ್ರದಲ್ಲಿ ಈ ಪ್ರೋಟೀನ್ ಸೋರಲು ಶುರುವಾಗಬಹುದು.

ನೀರು, ಎಳನೀರು ಔಷಧವೇ?
ಮೈಯ ನೀರು ಕಡಿಮೆಯಾಗಿ ಏರಿದ ಅಂಕಿ ನೀರು ಕುಡಿದರೆ ಇಳಿಯಬಹುದು. ಹಾಳಾದ ಕಿಡ್ನಿಯನ್ನು ನೀರು ರಿಪೇರಿ ಮಾಡುವುದಿಲ್ಲ. ಕಿಡ್ನಿ ತೀರಾ ಸೋತವರಲ್ಲಿ ಹೆಚ್ಚಿನ ನೀರು ಮೈಯಲ್ಲೇ ನಿಂತು ಊತ, ಉಸಿರಾಟದ ತೊಂದರೆ ತರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಏನು ಮಾಡಬೇಕು?
ಸಕ್ಕರೆ ಕಾಯಿಲೆ, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಜೊತೆ ಇ-ಜಿಎಫ್‌ಆರ್ ಮತ್ತು ಮೂತ್ರದ ಅಲ್ಬುಮಿನ್ ಕೇಳಿ ಮಾಡಿಸಿ. ಮಂಡಿ ನೋವಿಗೆಂದು ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗಬೇಡಿ, ಅವೂ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಆ ಸಂದೇಶವನ್ನು ಫಾರ್ವರ್ಡ್ ಮಾಡುವ ಬದಲು ಮನೆಯ ಹಿರಿಯರ ಹಳೆಯ ರಿಪೋರ್ಟ್ ತೆಗೆದು ಇ-ಜಿಎಫ್‌ಆರ್ ಎಷ್ಟಿದೆ ನೋಡಿ.